ಹಳೆಯ ಟ್ರ್ಯಾಕ್ಟರಿನ ರೇಡಿಯೇಟರ್: ಕಬ್ಬು ಸಾಗಣೆಗೆ ಮುನ್ನ



ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆಗಳಲ್ಲಿ ಕಬ್ಬು ಹೊರುವ ಹಳೆಯ ಟ್ರ್ಯಾಕ್ಟರಿನ ಎಂಜಿನ್ ಅತಿಯಾಗಿ ಕಾಯುವುದಕ್ಕೆ ಮುಖ್ಯ ಕಾರಣಗಳು ಎರಡು. ಒಂದು, ರೇಡಿಯೇಟರಿನ ಹೊರಮೈಗೆ ಅಂಟುವ ತರಗು, ಧೂಳು. ಇನ್ನೊಂದು, ಒಳಗೆ ಕಟ್ಟುವ ಸುಣ್ಣದ ಪದರ. ನಾಗಮಂಗಲದ ಕಡೆ ಕೊಳವೆ ಬಾವಿಯ ಗಡಸು ನೀರು ತುಂಬಿದರೆ ಈ ಪದರ ಬೇಗ ಬೆಳೆಯುತ್ತದೆ.

ಎಂಜಿನ್ ಪೂರ್ತಿ ಆರಿದ ಮೇಲೆಯೇ ಮುಚ್ಚಳ ತೆಗೆಯಬೇಕು. ರೇಡಿಯೇಟರ್ ಹಾಗೂ ಎಂಜಿನ್ ಬ್ಲಾಕಿನ ನೀರು ಬಸಿದು, ತಿಳಿ ನೀರು ಬರುವ ತನಕ ತೊಳೆಯಬೇಕು. ಬಿರುಕು ಬಿಟ್ಟ ರಬ್ಬರ್ ಹೋಸ್ ಬದಲಿಸಿ, ಫ್ಯಾನ್ ಬೆಲ್ಟಿನ ಬಿಗಿ ನೋಡಬೇಕು. ಥರ್ಮೋಸ್ಟಾಟ್ ಕುದಿಯುವ ನೀರಿನಲ್ಲೂ ತೆರೆಯದಿದ್ದರೆ ಹೊಸದು ಹಾಕಬೇಕು. ಕೊನೆಗೆ ಡಿಸ್ಟಿಲ್ಡ್ ವಾಟರಿಗೆ ಕೂಲಂಟ್ ಬೆರೆಸಿ ತುಂಬಬೇಕು.

ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಸೀಳೀತು. ಒಂದು ದಿನದ ಈ ಕೆಲಸ ಬಿಟ್ಟವರ ಕಬ್ಬು ದಾರಿಯಲ್ಲೇ ಒಣಗಿ ತೂಕ ಕಳೆದುಕೊಳ್ಳುತ್ತದೆ.