ಬಾಯಿಯ ಮಚ್ಚೆ, ಮನಸ್ಸಿನ ಬೇಗುದಿ

(ಬಾಪೂಜಿನಗರದ ದುಡಿಮೆಗಾರರ ಸಭೆಯಲ್ಲಿ ಮಾಡಿದ ಭಾಷಣ)



ಹೊಗೆಸೊಪ್ಪು ಕೆಟ್ಟದ್ದೆಂದು ಹೇಳಲು ನಾನು ಬಂದಿಲ್ಲ. ಅದು ಪೊಟ್ಟಣದ ಮೇಲೆಯೇ ಚಿತ್ರಸಹಿತ ಅಚ್ಚಾಗಿದೆ. ಆದರೂ ಹರಿದು ಬಾಯಿಗೆ ಹಾಕುತ್ತೇವೆ. ಏಕೆ? ಬುದ್ಧಿಯಿಲ್ಲದ ಜನ ಎಂದು ಉಳ್ಳವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ.

ರಾತ್ರಿ ಪಾಳಿಯಲ್ಲಿ ಕಣ್ಣೆಳೆಯದಿರಲೆಂದು, ಹಸಿವು ಅಡಗಲೆಂದು ಗಿರಣಿಯವರು ಕಡ್ಡಿಪುಡಿ ಹಿಡಿದರು. ಬಿನ್ನಿ ಗಿರಣಿ ಮುಚ್ಚಿತು, ಆ ನೆಲದಲ್ಲಿ ಬಹುಮಹಡಿ ಮನೆಗಳೆದ್ದವು. ಕಡ್ಡಿಪುಡಿ ಉಳಿಯಿತು. ಇಂದು ಗಾರ್ಮೆಂಟ್ಸ್‌ನಲ್ಲಿ ಗಂಟೆಗೆ ಇಷ್ಟು ಪೀಸು ಎಂಬ ಲೆಕ್ಕ. 2023ರಲ್ಲಿ ನಮ್ಮ ರಾಜ್ಯವೇ ಕಾರ್ಖಾನೆ ಕಾಯಿದೆ ತಿದ್ದಿ ದಿನಕ್ಕೆ 12 ಗಂಟೆಯವರೆಗೆ ದುಡಿಸಲು ದಾರಿ ಮಾಡಿತು.

ಮನಸ್ಸಿಗೆ ಬೇಗುದಿ ಹತ್ತಿದಾಗ ಮೂತ್ರಪಿಂಡಗಳ ಮೇಲಿರುವ ಪುಟ್ಟ ಗ್ರಂಥಿಗಳು ಕಾರ್ಟಿಸಾಲ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಆಪತ್ತಿನಲ್ಲಿ ಅದು ಬೇಕೇ ಬೇಕು. ಸಕ್ಕರೆ ಏರಿಸಿ ಮೈಗೆ ಕಸುವು ಕೊಡುತ್ತದೆ. ಬೆಳಿಗ್ಗೆ ಏರಿ ರಾತ್ರಿ ಇಳಿಯುವುದು ಅದರ ನಡೆ. ಆದರೆ ಬಾಡಿಗೆ, ಬಡ್ಡಿ, ಸೂಪರ್‌ವೈಸರನ ಬೈಗುಳ ಇವು ದಿನವೂ ಆಪತ್ತಾದರೆ ಆ ನಡೆ ಕೆಡುತ್ತದೆ, ರೋಗ ತಡೆಯುವ ಶಕ್ತಿ ಕುಗ್ಗುತ್ತದೆ. ಈ ರಸವನ್ನು ಉಗುಳಿನಲ್ಲೇ ಅಳೆಯಬಹುದು. ಬಾಯಲ್ಲಿ ಬಿಳಿ ಮಚ್ಚೆ ಎದ್ದವರಲ್ಲಿ, ಕೆನ್ನೆ ನಾರುಗಟ್ಟಿ ಬಾಯಿ ಬಿಗಿದವರಲ್ಲಿ ಅದು ಹೆಚ್ಚಿರುವುದನ್ನು ನಮ್ಮ ದೇಶದ ದಂತವೈದ್ಯರು ಹಲವು ಪರೀಕ್ಷೆಗಳಲ್ಲಿ ಕಂಡಿದ್ದಾರೆ.

ಹಾಗಾದರೆ ಬೇಗುದಿಯೇ ಮಚ್ಚೆ ತಂದಿತೇ? ಅಷ್ಟು ಸುಲಭವಲ್ಲ. ಮಚ್ಚೆಗೆ ಹೊಗೆಸೊಪ್ಪು ಕಾರಣ, ನಾರುಗಟ್ಟುವುದಕ್ಕೆ ಅಡಿಕೆ ಕಾರಣ. ಕೈಯನ್ನು ಪೊಟ್ಟಣದತ್ತ ಒಯ್ಯುವುದು ಬೇಗುದಿ. ಮಚ್ಚೆ ಕಂಡ ಮೇಲೆ ಕ್ಯಾನ್ಸರಿನ ಭಯ, ಅದಕ್ಕೆ ಮತ್ತೊಂದು ಚಿಟಿಕೆ. ಮೋಸ ಇಲ್ಲಿದೆ: ಹೊಗೆಸೊಪ್ಪಿನ ನಿಕೋಟಿನ್ ತಾನೇ ಕಾರ್ಟಿಸಾಲ್ ಏರಿಸುತ್ತದೆ. ನಮಗೆ ಸಿಗುವ ಸಮಾಧಾನವೆಂದರೆ ಚಟದ ಚಡಪಡಿಕೆ ಅರೆಗಳಿಗೆ ನಿಂತದ್ದು, ಅಷ್ಟೆ. ಮೀಟರ್ ಬಡ್ಡಿಯವನ ಬಡ್ಡಿ ಕಟ್ಟಲು ಅವನಲ್ಲೇ ಸಾಲ ತಂದಂತೆ.

ವ್ಯಾಪಾರಿ ಬಂಧುಗಳಿಗೂ ಒಂದು ಮಾತು. 2013ರಲ್ಲಿ ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾಯಿತು. ಕಂಪೆನಿಗಳು ಪಾನ್ ಮಸಾಲ ಒಂದು ಪೊಟ್ಟಣ, ಹೊಗೆಸೊಪ್ಪು ಇನ್ನೊಂದು ಪೊಟ್ಟಣ ಮಾಡಿದವು. ಬೆರೆಸುವ ಕೆಲಸ ಕೂಲಿಯವನ ಅಂಗೈಗೆ, ದಂಡದ ಭಯ ಗೂಡಂಗಡಿಯವನಿಗೆ, ಲಾಭದ ಸಿಂಹಪಾಲು ಕಂಪೆನಿಗೆ!

ಇಂದು ಮನೆಗೆ ಹೋಗಿ ಕನ್ನಡಿ ನೋಡಿ. ನಿಮ್ಮದೇ ಮೂರು ಬೆರಳು ಒಂದರ ಮೇಲೊಂದಾಗಿ ಹಲ್ಲುಗಳ ನಡುವೆ ಹೋಗದಿದ್ದರೆ, ಸಾರಿನ ಖಾರಕ್ಕೇ ಬಾಯಿ ಉರಿದರೆ, 2 ವಾರವಾದರೂ ಹುಣ್ಣು ಮಾಯದಿದ್ದರೆ ವೈದ್ಯರಿಗೆ ತೋರಿಸಿ. ಕಾರ್ಡು ಇರುವವರಿಗೆ ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆ ಇದೆ. ಹೊಗೆಸೊಪ್ಪು ಬಿಟ್ಟರೆ ಬಿಳಿ ಮಚ್ಚೆ ಎಷ್ಟೋ ಜನರಲ್ಲಿ ಇಳಿಯುತ್ತದೆ. ನಾರುಗಟ್ಟಿದ ಕೆನ್ನೆ ಮೊದಲಿನಂತಾಗುವುದು ಕಷ್ಟ, ತಡಮಾಡಬೇಡಿ. ಬಿಟ್ಟ ಮೊದಲ ವಾರಗಳಲ್ಲಿ ಸಿಡುಕು, ನಿದ್ದೆಗೇಡು ಇರುತ್ತದೆ. ಮನೆಯವರಿಗೆ ಮೊದಲೇ ಹೇಳಿಡಿ. ಪಕ್ಕದ ಯಂತ್ರದವನನ್ನೂ ಜೊತೆಗೆ ಬಿಡಿಸಿ.

ಮುಂದಿನ ಬೇಡಿಕೆ ಪಟ್ಟಿಯಲ್ಲಿ ಕೂಲಿಯ ಜೊತೆಗೆ ಪಾಳಿಯ ನಡುವಿನ ವಿರಾಮವನ್ನೂ, ಸಂಬಳ ಹಿಡಿಯದೆ ವರ್ಷಕ್ಕೊಮ್ಮೆ ಬಾಯಿ ಪರೀಕ್ಷೆಯನ್ನೂ ಸೇರಿಸಬೇಕೆಂದು ಈ ಸಭೆಯ ಮುಂದೆ ಸೂಚಿಸುತ್ತೇನೆ.