ತಲೆಯವರೆಗೆ ಏಳದ ಕೈ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)

ಹತ್ತು ನಿಮಿಷ ಮೀರಬಾರದೆಂದು ಸಮಿತಿಯವರ ಅಪ್ಪಣೆ. ನಾನು ಬಳ್ಳಾರಿಯಲ್ಲಿ ಫಿಜಿಯೋಥೆರಪಿ ಮಾಡುವವನು. ನನ್ನ ಕಸುಬಿನ ಒಂದೇ ಮಾತು ಹೇಳಿ ಇಳಿಯುತ್ತೇನೆ.

ನಮ್ಮ ತಂಡಕ್ಕೆ ಈಗ ಐವತ್ತರ ಆಸುಪಾಸು. ಭುಜ ಹಿಡಿಯುವುದು ಹೆಚ್ಚಾಗಿ 40ರಿಂದ 60ರ ನಡುವೆ, ಅದರಲ್ಲೂ ಹೆಣ್ಣುಮಕ್ಕಳಿಗೆ. ಸಿರುಗುಪ್ಪದ ಕಡೆ ಭತ್ತದ ಗದ್ದೆಗೆ ಇಳಿಯುವವರು, ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರು, ಕುರುಗೋಡಿನಿಂದ ಬಸ್ ಹತ್ತಿ ಬರುವ ಮೇಷ್ಟ್ರುಗಳು ಎಲ್ಲರೂ ನನ್ನಲ್ಲಿಗೆ ಬರುತ್ತಾರೆ. ನೋವಿನ ಮಾತು ಆಮೇಲೆ. ಮೊದಲು ಹೇಳುವುದು ನಿಂತುಹೋದ ಕೆಲಸವನ್ನು. "ಜಡಿ ಹಾಕ್ಕಳಾಕ ಆಗವಲ್ದು" ಎನ್ನುತ್ತಾರೆ. ರವಿಕೆಯ ಬೆನ್ನ ಹುಕ್ಕು ಸಿಗುವುದಿಲ್ಲ, ತಂತಿಯ ಮೇಲೆ ಬಟ್ಟೆ ಹಾಕಲಾಗುವುದಿಲ್ಲ. ಗಂಡಸರಿಗೆ ರುಮಾಲು ಸುತ್ತಲು, ಬಸ್ಸಿನ ಮೇಲಿನ ಕಂಬಿ ಹಿಡಿಯಲು, ಹಿಂದಿನ ಜೇಬಿನ ದುಡ್ಡು ತೆಗೆಯಲು ಆಗುವುದಿಲ್ಲ. ಮೇಷ್ಟ್ರು ಬೋರ್ಡಿನ ಅರ್ಧದಿಂದ ಕೆಳಗೆ ಬರೆಯುತ್ತಾರೆ. ಇವೆಲ್ಲ ಸಣ್ಣ ಕೆಲಸ, ಹೇಳಿಕೊಳ್ಳಲು ನಾಚಿಕೆ. ಸೊಸೆಯನ್ನು ದಿನಾ ಜಡೆಗೆ ಕರೆಯುವುದು ಬೇಡವೆಂದು ಕೂದಲು ಕತ್ತರಿಸಿಕೊಂಡ ಹೆಣ್ಣುಮಕ್ಕಳನ್ನು ನೋಡಿದ್ದೇನೆ.

ಆಗುವುದಿಷ್ಟು. ಭುಜದ ಕೀಲಿನ ಸುತ್ತ ಚೀಲದಂಥ ಪೊರೆಯಿದೆ. ಅದು ಬಾತು, ದಪ್ಪವಾಗಿ, ಒಗೆದು ಕುಗ್ಗಿದ ಅಂಗಿತೋಳಿನಂತೆ ಬಿಗಿಯುತ್ತದೆ. ಮೊದಲು ರಾತ್ರಿ ನಿದ್ದೆಗೆಡಿಸುವ ನೋವು, ನಂತರ ಬಿಗಿತ, ಆಮೇಲೆ ನಿಧಾನವಾಗಿ ಸಡಿಲ. ಒಂದರಿಂದ ಮೂರು ವರ್ಷ ಹಿಡಿಯಬಹುದು. ಬೇರೆಯವರು ಎತ್ತಿದರೂ ಕೈ ಏಳದಿದ್ದರೆ ಬಹುತೇಕ ಇದೇ. ಅವರು ಎತ್ತಿದಾಗ ಎದ್ದು, ನೀವು ಎತ್ತಿದರೆ ಏಳದಿದ್ದರೆ ಸ್ನಾಯುವಿನ ಹುರಿ ಹರಿದಿರಬಹುದು. ಅದರ ಚಿಕಿತ್ಸೆಯೇ ಬೇರೆ, ಡಾಕ್ಟರಿಗೆ ತೋರಿಸಿ. ಎಡಗೈ ನೋವಿನ ಜೊತೆ ಎದೆ ಬಿಗಿದು ಬೆವರು ಬಂದರೆ ನನ್ನಲ್ಲಿಗೆ ಬರಬೇಡಿ, ನೇರ ಆಸ್ಪತ್ರೆಗೆ ಓಡಿ.

ಇನ್ನೊಂದು ಮಾತು: ಸಕ್ಕರೆ ಕಾಯಿಲೆಯವರಿಗೆ ಇದು ಹೆಚ್ಚು. ಭುಜ ತೋರಿಸಲು ಬಂದು ಸಕ್ಕರೆ ಗೊತ್ತಾದವರೂ ಇದ್ದಾರೆ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿ.

ನೋವೆಂದು ಕೈಯನ್ನು ಕೊರಳಿಗೆ ಕಟ್ಟಿಕೊಂಡು ತಿಂಗಳುಗಟ್ಟಲೆ ಕೂರಬೇಡಿ, ಇನ್ನೂ ಬಿಗಿಯುತ್ತದೆ. ಯಾರಿಂದಲೂ ಜಗ್ಗಿಸಿಕೊಳ್ಳಲೂ ಬೇಡಿ. ಒಳ್ಳೆಯ ಕೈಯನ್ನು ಮೇಜಿಗೆ ಊರಿ, ಬಗ್ಗಿ, ನೋಯುವ ಕೈಯನ್ನು ಬಾವಿಗೆ ಬಿಟ್ಟ ಕೊಡದಂತೆ ಮೆಲ್ಲಗೆ ತೂಗಾಡಿಸಿ. ಗೋಡೆಗೆ ಬೆರಳಿಟ್ಟು ಇರುವೆಯಂತೆ ಮೇಲಕ್ಕೆ ನಡೆಸಿ, ನಿಂತಲ್ಲಿ ಗೆರೆ ಹಾಕಿ. ಅಂಗಿ ತೊಡುವಾಗ ನೋಯುವ ಕೈ ಮೊದಲು, ಬಿಚ್ಚುವಾಗ ಅದು ಕೊನೆಗೆ. ಮನೆಯವರು ಬೇಳೆ ಡಬ್ಬಿಯನ್ನು ಮೇಲಿನ ಹಲಗೆಯಿಂದ ಸೊಂಟದ ಎತ್ತರಕ್ಕೆ ಇಳಿಸಿದರೆ, ಬಟ್ಟೆಯ ತಂತಿಯನ್ನು ಒಂದು ಮೊಳ ತಗ್ಗಿಸಿದರೆ, ಅದಕ್ಕೇನೂ ಖರ್ಚಿಲ್ಲ. ನನ್ನ ಔಷಧಿಗಿಂತ ಅದು ಬೇಗ ಕೆಲಸ ಮಾಡುತ್ತದೆ.

ಊಟವಾದ ಮೇಲೆ ಎಂಟನೇ ತರಗತಿಯ ಕೋಣೆಯಲ್ಲಿ ಕೂತಿರುತ್ತೇನೆ. ಕೈ ಏಳದವರು ಬನ್ನಿ. ಗೋಡೆಗೆ ಸೀಮೆಸುಣ್ಣದ ಗೆರೆ ಹಾಕಲು ಹೆಡ್‌ಮಾಸ್ಟರು ಒಪ್ಪಿದ್ದಾರೆ.