ಮನೆಯ ಐಪಿ ವಿಳಾಸ ನಿಜವಾಗಿ ನಿಮ್ಮದೇನಾ?

ನೀವು ಪುಣೆಯಲ್ಲೋ ಹೈದರಾಬಾದಿನಲ್ಲೋ ಇರ್ತೀರಿ, ಅಪ್ಪ-ಅಮ್ಮ ಊರಲ್ಲಿ. ಅಲ್ಲಿನ ಕ್ಯಾಮೆರಾ ಇಲ್ಲಿಂದ ನೋಡೋಣ ಅಂತ ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಮಾಡ್ತೀರಿ. ಸೆಟ್ಟಿಂಗ್ ಎಲ್ಲ ಸರಿ, ಆದ್ರೂ ಕನೆಕ್ಟ್ ಆಗಲ್ಲ. ಯಾಕೆ?

ಐಪಿವಿ4ನಲ್ಲಿ ಇರೋದೇ ಸುಮಾರು 430 ಕೋಟಿ ವಿಳಾಸ. ಏಷ್ಯಾ-ಪೆಸಿಫಿಕ್ ಭಾಗಕ್ಕೆ ವಿಳಾಸ ಹಂಚುವ ಎಪಿನಿಕ್ ಸಂಸ್ಥೆ 2011ರ ಏಪ್ರಿಲ್‌ನಲ್ಲೇ ತನ್ನ ಕೊನೆಯ ದೊಡ್ಡ ಬ್ಲಾಕಿಗೆ ಬಂದು, ರೇಷನ್ ಶುರು ಮಾಡಿತು. ಹಾಗಾಗಿ ಅನೇಕ ಕಂಪನಿಗಳು ಒಂದೇ ಪಬ್ಲಿಕ್ ವಿಳಾಸವನ್ನು ಹಲವಾರು ಮನೆಗಳಿಗೆ ಹಂಚುತ್ತವೆ. ಇದೇ ಸಿಜಿನ್ಯಾಟ್. ದೊಡ್ಡ ಅಪಾರ್ಟ್‌ಮೆಂಟಿಗೆ ಒಂದೇ ಗೇಟ್ ಇದ್ದ ಹಾಗೆ. ಒಳಗಿಂದ ಹೋದವರ ಲೆಕ್ಕ ವಾಚ್‌ಮನ್ ಹತ್ರ ಇರುತ್ತೆ, ವಾಪಸ್ ಬಂದ್ರೆ ಬಿಡ್ತಾನೆ. ಹೊರಗಿಂದ ತಾನಾಗಿ ಬಂದವರನ್ನು ಯಾವ ಮನೆಗೆ ಕಳಿಸಬೇಕೋ ಅವನಿಗೆ ಗೊತ್ತಿಲ್ಲ.

ಪರೀಕ್ಷೆ ಸುಲಭ. ರೂಟರಿನ ವ್ಯಾನ್ ಐಪಿ ನೋಡಿ. ಅದು 100.64ರಿಂದ 100.127ರ ಒಳಗಿದ್ರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. 2012ರ ಆರ್‌ಎಫ್‌ಸಿ 6598 ಈ ಶ್ರೇಣಿಯನ್ನು ಇದಕ್ಕೆಂದೇ ಮೀಸಲಿಟ್ಟಿದೆ. ಕೆಲವರು 10ರಿಂದ ಶುರುವಾಗೋ ವಿಳಾಸವನ್ನೂ ಕೊಡ್ತಾರೆ. ಅದೂ ಪಬ್ಲಿಕ್ ಅಲ್ಲ.

ದಾರಿ ಮೂರು. ದುಡ್ಡು ಕೊಟ್ಟು ಸ್ಟ್ಯಾಟಿಕ್ ಐಪಿ ತಗೊಳ್ಳೋದು. ಎರಡೂ ಕಡೆ ಐಪಿವಿ6 ಇದ್ರೆ, ಫೈರ್‌ವಾಲ್‌ನಲ್ಲಿ ಬೇಕಾದಷ್ಟೇ ತೆರೆದು ಅದನ್ನು ಬಳಸೋದು. ಇಲ್ಲಾಂದ್ರೆ ಊರಿನ ಮನೆಯೊಳಗಿಂದಲೇ ಹೊರಡುವ ವಿಪಿಎನ್. ನನ್ನ ಆಯ್ಕೆ ಮೂರನೆಯದು: ಹೊರಗಿನವರಿಗೆ ಯಾವ ಬಾಗಿಲೂ ತೆರೆದಿರಲ್ಲ.

ವರ್ಷದ ಪ್ಲಾನಿಗೆ ದುಡ್ಡು ಕಟ್ಟೋ ಮುಂಚೆ ಸ್ಪೀಡ್ ಎಷ್ಟು ಅಂತ ಎಲ್ರೂ ಕೇಳ್ತೀವಿ. ಪಬ್ಲಿಕ್ ಐಪಿ ಕೊಡ್ತೀರಾ ಅಂತಲೂ ಕೇಳಿ.